ಬಳುವಳಿಯಾಗಿ ಹೋದ ನಮ್ಮಜ್ಜಿ

ಪಂಚಮಿ ಹತ್ತಿರ ಬಂತೆಂದರೆ ನಮ್ಮ ಓಣಿಯ ಹೆಂಗಸರ ನಡಿಗೆಯೇ ಬದಲಾಗುತ್ತಿತ್ತು. ನೀರಿಗೆ ಹೋದವರು ಕೊಡ ತುಂಬುವುದನ್ನು ಮರೆತು ದಾರಿಯ ಕಡೆ ನೋಡುತ್ತಿದ್ದರು. ತವರಿನಿಂದ ಅಣ್ಣನೋ ತಮ್ಮನೋ ಗಾಡಿ ಕಟ್ಟಿಕೊಂಡು ಬರುವ ದಿನಗಳವು. ಗಾಡಿಯ ಸದ್ದು ಕೇಳಿದರೆ ಸಾಕು, ಯಾರದೋ ಮನೆಯಲ್ಲಿ ಗಂಟು ಕಟ್ಟುವ ಗಡಿಬಿಡಿ, ಅತ್ತೆಯ ಗೊಣಗು, ಮಕ್ಕಳ ಕೂಗಾಟ. ಎರಡು ದಿನದಲ್ಲಿ ಅರ್ಧ ಓಣಿ ಖಾಲಿಯಾಗಿ, ಮತ್ತರ್ಧ ಓಣಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಂದ ತುಂಬಿಬಿಡುತ್ತಿತ್ತು. ಬೇವಿನ ಮರಗಳಿಗೆ ಜೋಕಾಲಿ ಬೀಳುತ್ತಿದ್ದವು. ಕಂಪ್ಲಿ ಕೋಟೆಯೊಳಗಿನ ನಮ್ಮ ಮನೆಗೆ ಮಾತ್ರ ಯಾವ ಗಾಡಿಯೂ ಬರುತ್ತಿರಲಿಲ್ಲ, ಯಾವ ಗಾಡಿಯೂ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇದ್ದವರೇ ಮೂವರು: ಅಪ್ಪ, ಅಪ್ಪನ ತಾಯಿ ಗಂಗವ್ವಜ್ಜಿ, ಮತ್ತು ನಾನು. ಅವ್ವ ಮೆಟ್ರಿಯವಳಂತೆ. ನಾನು ಅಂಬೆಗಾಲಿಡುವಾಗಲೇ ಜ್ವರ ಬಂದು ಹೋದಳು. ಅವಳ ಮುಖ ನನಗೆ ನೆನಪಿಲ್ಲ. ಅವಳು ಹೋದ ಮೇಲೆ ಮೆಟ್ರಿಯಿಂದ ಕರೆಯಲು ಬರುವವರೂ ನಿಂತರು. ಹೀಗಾಗಿ ಪಂಚಮಿಯ ದಿನ ಓಣಿಯ ಗದ್ದಲದ ನಡುವೆ ನಾನೂ ಅಜ್ಜಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತಿದ್ದೆವು.

ಮನೆ ದೊಡ್ಡದೇನಲ್ಲ. ಹೊರಗೆ ಕಲ್ಲಿನ ಕಟ್ಟೆ, ಒಳಗೆ ಕಾಲಿಟ್ಟರೆ ಎತ್ತುಗಳನ್ನು ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರಾಚೆ ಕತ್ತಲೆಯ ಅಡಿಗೆಮನೆ. ಮಾಳಿಗೆಯಲ್ಲಿ ಒಂದೇ ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಮಧ್ಯಾಹ್ನದ ಹೊತ್ತಿಗೆ ಬೀಸುವ ಕಲ್ಲಿನ ಮೇಲೆ ಬಂದು ಕೂರುತ್ತಿತ್ತು. ಅಪ್ಪ ಬೆಳಗಾಗುವ ಮುಂಚೆ ಕಬ್ಬಿನ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಆಲೆಮನೆ ಶುರುವಾದ ತಿಂಗಳುಗಳಲ್ಲಂತೂ ಅವನ ಮೈಯೆಲ್ಲ ಬೆಲ್ಲದ ವಾಸನೆ, ಬಾಯಲ್ಲಿ ಮಾತಿಲ್ಲ. ರೊಟ್ಟಿ ಮುರಿಯುತ್ತ, ಗೋಡೆ ನೋಡುತ್ತ ಉಣ್ಣುತ್ತಿದ್ದ. ಕೈ ತೊಳೆದ ಮೇಲೆ ಕಟ್ಟೆಯ ಮೇಲೆ ಕೂತು ಹೊಳೆಯ ಕಡೆ ನೋಡುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತರೆ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದ. ಅಷ್ಟೇ ಅವನ ಪ್ರೀತಿ. ಅದು ಪ್ರೀತಿಯೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಅಜ್ಜಿಯ ರೀತಿಗಳು ಓಣಿಯ ಬೇರೆ ಅಜ್ಜಿಯರಂತಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತದ್ದನ್ನು ನಾನು ನೋಡಿಲ್ಲ. ಯಾವಾಗಲೂ ಕುಕ್ಕರಗಾಲಿನಲ್ಲಿ, ಈಗ ಯಾರಾದರೂ ಕರೆದಾರು, ಏಳಬೇಕು ಎನ್ನುವವಳ ಹಾಗೆ. ಮಧ್ಯಾಹ್ನ ಬೀಸುವ ಕಲ್ಲಿನ ಪಕ್ಕ ಮಲಗಿ ಕಣ್ಣು ಹತ್ತಿದಾಗ ನಾನು "ಅಜ್ಜೀ" ಎಂದರೆ, ಕಣ್ಣು ತೆರೆಯುವ ಮೊದಲೇ "ಜೀ, ಬಂದೆ" ಎಂದು ಎದ್ದು ನಿಂತುಬಿಡುತ್ತಿದ್ದಳು. ಆ ಮೇಲೆ ನನ್ನನ್ನು ನೋಡಿ, ತಾನು ಎಲ್ಲಿದ್ದೇನೆಂದು ನೆನಪು ಮಾಡಿಕೊಂಡು, ಮೆಲ್ಲಗೆ ಕೂರುತ್ತಿದ್ದಳು. ಜೀ ಎಂಬುವವರು ಯಾರೋ ನಮ್ಮ ನೆಂಟರಿರಬೇಕು ಎಂದು ನಾನು ತಿಳಿದುಕೊಂಡಿದ್ದೆ. ಇನ್ನೊಂದು ಮಾತಿಗೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಕಬ್ಬು ಕಡಿಯಲು ಬಂದ ಹೆಣ್ಣಾಳನ್ನು ಒಮ್ಮೆ ನಾನು "ಏ, ನೀರು ತಾ" ಎಂದು ಕೂಗಿದೆ. ಅಜ್ಜಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಆಕಿಗೆ ಹೆಸರಿಲ್ಲೇನು? ಹನುಮವ್ವ ಅಂತ ಐತಿ. ಹನುಮವ್ವಕ್ಕಾ ಅನ್ನು. ಇನ್ನೊಮ್ಮೆ ಏ ಅಂದಿ ಅಂದ್ರ ಬಾಯಿಗೆ ಬರೆ ಹಾಕ್ತೀನಿ ನೋಡು ನೀಲಾ."

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯಲು ನಾವಿಬ್ಬರೇ ಹೋಗುತ್ತಿದ್ದೆವು. ಉಳಿದ ಹೆಂಗಸರು ಹಾಲು ಹಾಕುತ್ತ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು ಎಂದು ತವರಿನವರನ್ನೆಲ್ಲ ಎಣಿಸುತ್ತಿದ್ದರು. ಕೆಲವರ ಪಟ್ಟಿ ಮುಗಿಯುವಷ್ಟರಲ್ಲಿ ಬಟ್ಟಲು ಖಾಲಿ. ಅಜ್ಜಿ "ಅವ್ವನ ಪಾಲು" ಎಂದು ಒಂದು ಸಲ ಹಾಲು ಬಿಟ್ಟು, ನಿಲ್ಲುತ್ತಿದ್ದಳು. ಉಳಿದ ಹಾಲನ್ನು ಮಾತಿಲ್ಲದೆ ಸುರಿಯುತ್ತಿದ್ದಳು. ನಾನೂ ಅವಳನ್ನು ನೋಡಿ "ಅವ್ವನ ಪಾಲು" ಎನ್ನುತ್ತಿದ್ದೆ. ನಿನ್ನ ತವರು ಯಾವೂರು ಎಂದು ಕೇಳಿದರೆ ಒಂದು ವರ್ಷ ಹೊಳೆಯಾಚೆ ಎಂದಳು, ಇನ್ನೊಂದು ವರ್ಷ ಗುಡ್ಡದಾಚೆ ಎಂದಳು. ಮತ್ತೊಂದು ವರ್ಷ, "ಊರಿದ್ರ ತವರಾಕ್ಕತೇನು? ಕರಿಯೋರಿರಬೇಕು" ಎಂದು ಬಟ್ಟಲು ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು.

ಅಪ್ಪನಿಗೆ ಎರಡನೆಯ ಮದುವೆ ಮಾಡಬೇಕೆಂಬುದು ಅಜ್ಜಿಯ ಆಸೆ. ತನಗೆ ವಯಸ್ಸಾಯಿತು, ಹುಡುಗಿ ಬೆಳೆಯುತ್ತಿದೆ, ಮನೆಗೆ ಒಬ್ಬ ಹೆಂಗಸು ಬೇಕು ಎಂದು ಅವಳೇ ಹೇಳಿ ಹೇಳಿ ಅಪ್ಪನನ್ನು ಒಪ್ಪಿಸಿದ್ದಳು. ಒಂದು ಬೇಸಿಗೆಯಲ್ಲಿ ಬುಕ್ಕಸಾಗರದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಭತ್ತದ ಗದ್ದೆಯುಳ್ಳ ಮರ್ಯಾದಸ್ಥರು. ಹೆಣ್ಣಿನ ತಂದೆ, ಅವಳ ಸೋದರಮಾವ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದೆವು. ಅಜ್ಜಿ ಬೆಳಗಿನಿಂದ ನೆಲ ಸಾರಿಸಿ, ನನಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಹೊಸ ತಾಯಿ ಬಂದರೆ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಟ್ಟಿದ್ದಳು. ನನಗೂ ಖುಷಿಯಾಗಿತ್ತು. ಮುಂದಿನ ಪಂಚಮಿಗೆ ಬುಕ್ಕಸಾಗರದ ಗಾಡಿ ನಮ್ಮ ಮನೆ ಮುಂದೆ ನಿಲ್ಲುತ್ತದೆ, ಹೊಸ ತಾಯಿಯ ಜತೆ ನಾನೂ ಹೋಗುತ್ತೇನೆ ಎಂದು ಓಣಿಯ ಹುಡುಗಿಯರಿಗೆಲ್ಲ ಹೇಳಿಬಿಟ್ಟಿದ್ದೆ. ಮಾತು ಎತ್ತು, ಹೊಲ, ನೀರು ಎಲ್ಲ ದಾಟಿ ಕೊನೆಗೆ ಬೇರಿನ ಮಾತಿಗೆ ಬಂತು. ಸೋದರಮಾವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದ.

"ಎಲ್ಲಾ ಚಲೋ ಐತಿ. ನಿಮ್ಮ ತಾಯಿ ಕಡೆಯೋರು ಯಾವೂರೋರು? ಅದೊಂದು ಗೊತ್ತಾಗಲಿಲ್ಲ."

"ಚೋರನೂರು. ಬರ ಬಿದ್ದಾಗ ಎಲ್ಲಾರೂ ಹೋದ್ರು. ಯಾರೂ ಉಳಿದಿಲ್ಲ," ಎಂದ ಅಪ್ಪ. ಮೊದಲೇ ಯೋಚಿಸಿ ಇಟ್ಟುಕೊಂಡ ಮಾತಿನ ಹಾಗೆ ಬೇಗ ಹೇಳಿದ.

"ಚೋರನೂರೇ? ನನ್ನ ಸಡ್ಡಕ ಅಲ್ಲೇ ಅದಾನ. ಯಾರ ಮನಿ ಅಂತಂದ್ರ ಅವ ಒಂದೇ ಮಾತಿನ್ಯಾಗ ಹೇಳ್ತಾನ. ಯಾರ ಮನಿ?"

ಅಪ್ಪ ಕಂಬಳಿಯ ಅಂಚು ಸರಿಪಡಿಸತೊಡಗಿದ. ಅಷ್ಟರಲ್ಲಿ ಅಜ್ಜಿ ಮಜ್ಜಿಗೆಯ ಚೆಂಬು ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು. ಸೋದರಮಾವ ಅವಳತ್ತ ತಿರುಗಿ, ಮರ್ಯಾದೆಯಿಂದಲೇ, "ನೀವರೆ ಹೇಳ್ರಿ ಯವ್ವ" ಎಂದ. ಅಜ್ಜಿ ಚೆಂಬನ್ನು ಕೆಳಗಿಟ್ಟಳು. ಅವಳ ದನಿಯಲ್ಲಿ ಅಳುಕಿರಲಿಲ್ಲ.

"ನನ್ನ ಮಗ ನನ್ನ ಮಾನ ಮುಚ್ಚಾಕ ಹೇಳ್ತಾನ್ರಿ. ಚೋರನೂರು ನಾ ಕಂಡಿಲ್ಲ. ನಾ ಸಂಡೂರು ಗುಡ್ಡದೊಳಗ ಒಂದು ವಾಡೇದಾಗ ಹುಟ್ಟಿದಾಕಿ. ನಮ್ಮವ್ವ ಅಲ್ಲಿ ತೊತ್ತು. ನಾ ಹುಟ್ಟಾ ತೊತ್ತು. ಅಪ್ಪನ ಹೆಸರು ಕೇಳಬ್ಯಾಡ್ರಿ, ನಮ್ಮವ್ವ ನನಗ ಹೇಳಲಿಲ್ಲ. ನಿಮ್ಮ ಮಗಳನ್ನ ಕೊಡೋರು, ನಾಳೆ ಯಾರೋ ಹೇಳೋದಕ್ಕಿಂತ ಇವತ್ತು ನಾನೇ ಹೇಳೀನಿ."

ಬಂದವರು ಜಗಳವಾಡಲಿಲ್ಲ, ಮುಖ ಕಿವುಚಲಿಲ್ಲ. "ಮನಿಯಾಗ ವಿಚಾರ ಮಾಡಿ ಹೇಳಿ ಕಳಿಸ್ತೀವಿ" ಎಂದು ಎದ್ದರು. ಮಜ್ಜಿಗೆ ಮಾತ್ರ ಯಾರೂ ಮುಟ್ಟಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಒಳಗೆ ಬಂದು, ನನ್ನ ಜೀವನದಲ್ಲಿ ಮೊದಲ ಸಲ, ದನಿ ಎತ್ತಿದ.

"ಸಾಯೋತನಕ ಹೇಳಬ್ಯಾಡ ಅಂತ ಅಪ್ಪ ನಿನಗ ಹೇಳಿರಲಿಲ್ಲೇನು? ನಾ ಸಣ್ಣಾಂವಿದ್ದಾಗಿಂದ ಇದನ್ನ ಹೊಟ್ಯಾಗ ಇಟಗೊಂಡು ತಿರಗೀನಿ. ಒಂದು ಗಳಿಗ್ಯಾಗ ಚೆಲ್ಲಿಬಿಟ್ಟೆಲ್ಲ!"

"ಬರೋ ಹುಡುಗಿಗೆ ಸುಳ್ಳು ಹೇಳಿ ಕರಕೊಂಡು ಬರಬೇಕಿತ್ತೇನು? ನನ್ನೂ ಹಂಗ ಕರಕೊಂಡು ಹೋಗಿದ್ರು. ಜಾತ್ರಿ ತೋರಸ್ತೀವಿ ಅಂತ," ಎಂದಳು ಅಜ್ಜಿ.

ಆ ಮಾತು ನನಗೆ ಅರ್ಥವಾಗಲಿಲ್ಲ. ಮರುದಿನ ಅವಳು ಬೆಳಕಿಂಡಿಯ ಕೆಳಗೆ ಜೋಳ ಬೀಸುತ್ತಿದ್ದಾಗ ನಾನು ಎದುರು ಕೂತು ಗೂಟಕ್ಕೆ ಕೈ ಹಾಕಿದೆ. ಇಬ್ಬರೂ ಸೇರಿ ಕಲ್ಲು ತಿರುಗಿಸುತ್ತಿದ್ದಾಗ ಅವಳು ತಾನಾಗಿಯೇ ಹೇಳಿದಳು. ವಾಡೆಯಲ್ಲಿ, ಅಂದರೆ ಒಡೆಯರ ಆ ದೊಡ್ಡ ಮನೆಯಲ್ಲಿ, ಅವಳ ಹೆಸರು ಶೇವಂತಿ. ಅಲ್ಲಿ ತೊತ್ತುಗಳಿಗೆಲ್ಲ ಹೂವಿನದೋ ಹಕ್ಕಿಯದೋ ಬೆಳಕಿನದೋ ಹೆಸರು. ಅವಳ ಅವ್ವ ಚಂದ್ರಿ, ಬೀಸುವ ಕೋಣೆಯವಳು. ಹಗಲೆಲ್ಲ ಬೀಸಿ ಬೀಸಿ ಅವಳ ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು. ಶೇವಂತಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ವಾಡೆಯ ಸಣ್ಣ ಮಗಳ ಮದುವೆಯಾಯಿತು. ದರೋಜಿ ಕೆರೆಯ ಕಡೆಯ ಒಂದು ದೊಡ್ಡ ಮನೆಗೆ. ಹಂಡೆ, ಕೊಪ್ಪರಿಗೆ, ಹಾಲು ಕರೆಯುವ ಎಮ್ಮೆ, ತೊಟ್ಟಿಲು, ಇವುಗಳ ಜತೆ ಬಳುವಳಿಯಾಗಿ ಶೇವಂತಿಯನ್ನೂ ಕೊಟ್ಟರು. ಜಾತ್ರೆಗೆ ಎಂದು ಹೇಳಿ ಗಾಡಿ ಹತ್ತಿಸಿದರು. ಚಂದ್ರಿ ಬೀಸುವ ಕೋಣೆಯಲ್ಲಿದ್ದಳು, ಅವಳಿಗೆ ಯಾರೂ ಹೇಳಲಿಲ್ಲ. ಗಾಡಿ ಹೊರಟಾಗ ಬೀಸುಕಲ್ಲಿನ ಸದ್ದು ಹೊರಗೆ ಕೇಳುತ್ತಿತ್ತಂತೆ.

ಮುಂದೆ ಆ ಒಡತಿ ಮಕ್ಕಳಿಲ್ಲದೆ ತೀರಿಕೊಂಡಳು. ಅಷ್ಟರಲ್ಲಿ ಶೇವಂತಿ ಮೈನೆರೆದು ಕೆಲವು ವರ್ಷಗಳಾಗಿದ್ದವು. ಸತ್ತವಳ ತವರಿನ ಸಾಮಾನನ್ನು ವಾಪಸು ಕಳಿಸುವುದೆಂದು ಹಿರಿಯರು ತೀರ್ಮಾನಿಸಿದರು. ಸಾಮಾನಿನಲ್ಲಿ ಶೇವಂತಿಯೂ ಒಂದು. ಬಾಡಿಗೆಗೆ ಬಂದ ಗಾಡಿಯವನೇ ನಮ್ಮ ಅಜ್ಜ, ಕಂಪ್ಲಿಯ ಹುಡುಗ, ಒಂಟಿ. ಮಳೆಗಾಲದ ದಿನ. ಗುಡ್ಡ ಸೀಳಿಕೊಂಡು ನಾರಿಹಳ್ಳ ಹೊರಬೀಳುವ ಗಂಡಿಯ ಬಳಿ ಎತ್ತು ಬಿಚ್ಚಿ ಮೇಯಲು ಬಿಟ್ಟರು. ಗಂಡಿ ದಾಟಿದರೆ ಸಂಡೂರು ಅರಸರ ಸೀಮೆ, ದಾಟದಿದ್ದರೆ ಬಿಳಿಯರ ಕುಂಪಣಿ ಸೀಮೆ. ಕುಂಪಣಿ ಸೀಮೆಯಲ್ಲಿ ಮನುಷ್ಯರನ್ನು ಕೊಡುವುದು ಕೊಳ್ಳುವುದು ಕಾಯಿದೆಯಲ್ಲಿ ಇಲ್ಲವೆಂದು ಅಜ್ಜ ಎಲ್ಲೋ ಕೇಳಿದ್ದ. "ನಿನಗ ಹೋಗಬೇಕಂತ ಐತೇನು?" ಎಂದು ಅವನು ಕೇಳಿದ. ಹಾಗೆ ಅವಳನ್ನು ಯಾರೂ ಯಾವತ್ತೂ ಏನನ್ನೂ ಕೇಳಿರಲಿಲ್ಲ.

"ಒಳಗ ಹೋದ್ರ ನಮ್ಮವ್ವ ಅದಾಳ. ಹೊರಗ ಉಳದ್ರ ನಾ ಅದೀನಿ. ನನ್ನ ಹೊಟ್ಯಾಗ ಹುಟ್ಟೋದೂ ತೊತ್ತೇ ಆಕ್ಕತೆಲ್ಲ ನೀಲಾ, ಅದು ತೆಲಿಗೆ ಬಂತು. ನಾ ಇಳಿದೆ."

ಕುರಿ ಕಾಯುವ ಮುದುಕಿಯೊಬ್ಬಳ ಗುಡಿಸಲಿನಲ್ಲಿ ಅವಳನ್ನು ಬಿಟ್ಟು ಅಜ್ಜ ಸಾಮಾನು ಮುಟ್ಟಿಸಲು ಹೋದ. ಹೋಗುವಾಗ ಅವಳು ತನ್ನ ಕೊರಳಿನ ಕರಿಮಣಿ ಸರ ಬಿಚ್ಚಿ ಕೊಟ್ಟಳು. ಇದನ್ನು ತೋರಿಸಿ ಗುಟ್ಟಾಗಿ ಅವ್ವನಿಗೆ ಹೇಳು, ಸುಖವಾಗಿದ್ದಾಳೆ ಅಂತ ಹೇಳು, ಸರ ನೋಡಿದರೆ ನಂಬುತ್ತಾಳೆ ಎಂದಳು. ಮರುದಿನ ಅಜ್ಜ ಖಾಲಿ ಗಾಡಿ ಹೊಡೆದುಕೊಂಡು ಬಂದ. "ನಿಮ್ಮವ್ವಗ ಹೇಳೀನಿ. ಚಲೋ ಇರು, ಹೊಳ್ಳಿ ನೋಡಬ್ಯಾಡ ಅಂದ್ಲು" ಎಂದ. ಕಂಪ್ಲಿಗೆ ಕರೆತಂದು ತಾಳಿ ಕಟ್ಟಿ ಗಂಗವ್ವ ಎಂದು ಹೆಸರಿಟ್ಟ. ಆ ಮೇಲೆ ಒಂದು ದಿನವೂ ಅವಳನ್ನು ಏ ಎಂದು ಕರೆಯಲಿಲ್ಲ.

"ನಮ್ಮವ್ವ ಅಂದ ಆ ಒಂದು ಮಾತಿನ ಮ್ಯಾಲೆ ನಾ ಇಷ್ಟು ವರ್ಷ ಬದುಕೀನಿ," ಎಂದಳು ಅಜ್ಜಿ, ಕಲ್ಲು ನಿಲ್ಲಿಸಿ. "ಇಲ್ಲಾಂದ್ರ ಆವತ್ತ ಎದ್ದು ಹೋಗ್ತಿದ್ದೆ."

ಆ ವರ್ಷ ಶ್ರಾವಣ ಬಂತು. ಬುಕ್ಕಸಾಗರದಿಂದ ಯಾರೂ ಹೇಳಿ ಕಳಿಸಲಿಲ್ಲ, ಕಳಿಸುವುದಿಲ್ಲವೆಂದು ನಮಗೂ ಗೊತ್ತಿತ್ತು. ಓಣಿಗೆ ಗಾಡಿಗಳು ಬರತೊಡಗಿದ ದಿನ ಅಜ್ಜಿ ಒಲೆಯ ಮುಂದೆ ತಂಬಿಟ್ಟಿನ ಉಂಡೆ ಕಟ್ಟುತ್ತಿದ್ದವಳು ಅಪ್ಪನಿಗೆ ಹೇಳಿದಳು.

"ಈ ಸಲ ನಾ ತವರಿಗೆ ಹೋಗ್ತೀನಿ. ಇನ್ನ ಮುಚ್ಚಿಡೋದೇನೈತಿ? ಅವ್ವ ಇರಲಿಕ್ಕಿಲ್ಲ. ಆಕಿ ಕುಂತ ಜಾಗಾನರ ನೋಡಿ ಬರ್ತೀನಿ."

"ಬ್ಯಾಡ," ಎಂದ ಅಪ್ಪ.

"ಯಾಕ ಬ್ಯಾಡ? ಈಗ ನನ್ನ ಹಿಡಕೊಳ್ಳಾಕ ಅಲ್ಲಿ ಯಾರದಾರ?"

"ಬ್ಯಾಡ ಅಂದ್ನೆಲ್ಲ ಯವ್ವ. ಹೋಗಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ." ಅಪ್ಪನ ಮುಖ ಬಿಳಚಿಕೊಂಡಿತ್ತು. ನಾಚಿಕೆಯಿಂದ ಹಾಗೆ ಹೇಳುತ್ತಿದ್ದಾನೆಂದು ಅಜ್ಜಿಯೂ ತಿಳಿದಳು, ನಾನೂ ತಿಳಿದೆ.

ಎದುರು ಮನೆಯ ಮಲ್ಲಪ್ಪಜ್ಜ ಸಂಡೂರಿನ ಸಂತೆಗೆ ಬೆಲ್ಲ ಒಯ್ಯುವವನಿದ್ದ. ಅಪ್ಪ ಹೊಲಕ್ಕೆ ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದು, ತಂಬಿಟ್ಟಿನ ಗಂಟು ಕಂಕುಳಲ್ಲಿಟ್ಟು, ಅವನ ಗಾಡಿ ಹತ್ತಿದಳು. ಬೆಲ್ಲದ ಪೆಂಟೆಗಳ ಮೇಲೆ ಕೂತು ಹೋದೆವು. ಓಣಿಯ ಹುಡುಗಿಯರು ಎಲ್ಲಿಗೆಂದು ಕೂಗಿ ಕೇಳಿದಾಗ ನಾನು "ತವರಿಗೆ" ಎಂದೆ. ಅಜ್ಜಿ ನಕ್ಕಳು. ತೋರಣಗಲ್ಲಿನಲ್ಲಿ ಇಳಿದು ಉಂಡು, ಮಲಗಿ, ಬೆಳಗ್ಗೆ ಹೊರಟೆವು. ಗುಡ್ಡ ಹತ್ತಿರವಾದಂತೆ ಮಣ್ಣು ಕೆಂಪಾಗುತ್ತ ಬಂತು. ಗಣಿಯ ಅದುರು ಹೊತ್ತ ಗಾಡಿಗಳು ಎದುರಾದವು. ಎತ್ತುಗಳೂ ಹೊಡೆಯುವವರೂ ಒಂದೇ ಬಣ್ಣ. ಗಂಡಿಯ ಬಳಿ ಅಜ್ಜಿ ಇಳಿದು ನಡೆದೇ ದಾಟಿದಳು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆಯ ಬಂಡೆ ನೋಡುತ್ತ, ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ವಾಡೆಯ ಮುಂದಿನ ಬಾಗಿಲು ಮುಚ್ಚಿತ್ತು. ಒಡೆಯರ ಸಂತಾನ ಎಲ್ಲೆಲ್ಲೋ ಹೋಗಿ, ನೋಡಿಕೊಳ್ಳಲು ಒಬ್ಬ ಆಳನ್ನು ಬಿಟ್ಟಿದ್ದರಂತೆ. ಅಜ್ಜಿ ಮುಂದಿನ ಬಾಗಿಲ ಕಡೆ ನೋಡಲೇ ಇಲ್ಲ. ಗೋಡೆ ಹಿಡಿದು ಹಿಂದಕ್ಕೆ ಹೋದಳು. ಹಿಂದಿನ ಅಂಗಳದಲ್ಲಿ ಸಾಲು ಕೋಣೆಗಳು, ಅರ್ಧ ಬಿದ್ದಿದ್ದವು. ಒಂದರ ಮುಂದೆ ಒಬ್ಬ ಮುದುಕಿ ಒಣಗಿದ ಅವರೆಕಾಯಿ ಬಿಡಿಸುತ್ತ ಕೂತಿದ್ದಳು, ಅಜ್ಜಿಗಿಂತ ಏಳೆಂಟು ವರ್ಷ ಚಿಕ್ಕವಳು. ಹೆಸರು ಮೈನಾ. ಅವಳೂ ಅಲ್ಲೇ ಹುಟ್ಟಿದವಳು, ಹೋಗಲು ಬೇರೆ ಜಾಗವಿಲ್ಲದೆ ಉಳಿದವಳು.

"ಚಂದ್ರಿ ಅಂತ ಒಬ್ಬಾಕಿ ಇದ್ಲು. ಬೀಸೋ ಕೋಣ್ಯಾಗ," ಎಂದಳು ಅಜ್ಜಿ.

"ಚಂದ್ರವ್ವನೇನ್ರಿ? ಒಡೇರೆಲ್ಲಾ ಊರು ಬಿಟ್ಟ ಮ್ಯಾಲೆ ಹೋದ್ಲು, ಭಾಳ ವರ್ಷ ಆತು. ನನ್ನ ಎತ್ತಿ ಆಡಿಸಿದಾಕಿ ಆಕಿನೇ. ಕುಂದ್ರಿ. ನೀವು ಯಾರು?"

"ಕಂಪ್ಲಿ ಕಡೆಯಾಕಿ. ಆಕಿ ತನ್ನ ಮಗಳ ಸುದ್ದಿ ಏನರ ಹೇಳ್ತಿದ್ಲೇನು?"

"ಹೇಳದಂಗ ಇರ್ತಾಳೇನ್ರಿ? ಅದೇ ಸುದ್ದಿ ಆಕಿದು. ಹಳ್ಳದಾಗ ಹೋತಲ್ಲ ಕೂಸು."

ಅಜ್ಜಿ ಕಾಳಿನ ರಾಶಿಯ ಪಕ್ಕ ಕೂತಳು. "ಹಳ್ಳದಾಗ?" ಎಂದಳು.

"ನಾರಿಹಳ್ಳದಾಗ. ಸಾಮಾನು ತಂದ ಗಾಡಿಯಾವ ಹೇಳಿದ. ಹಳ್ಳ ದಾಟಾಗ ಕಾಲು ಜಾರಿ ಹೋದ್ಲು, ಇಷ್ಟೇ ಸಿಕ್ತು ಅಂತ ಕರಿಮಣಿ ಸರ ತಂದು ಒಡೇರ ಮುಂದ ಇಟ್ಟನಂತ. ಅದನ್ನ ಚಂದ್ರವ್ವ ಕೊಳ್ಳಾಗ ಹಾಕ್ಕೊಂಡ್ಲು ನೋಡ್ರಿ, ಮಣ್ಣಿಗೆ ಹೋಗೋತನಕ ತೆಗಿಲಿಲ್ಲ. ಹಳ್ಳ ಬಂದಾಗೆಲ್ಲ ದಂಡಿಗೆ ಹೋಗಿ ನಿಂದ್ರತಿದ್ಲು. ನಾವೇ ಹೋಗಿ ಕರಕೊಂಡು ಬರ್ತಿದ್ವಿ."

ಅಭ್ಯಾಸಬಲದಿಂದ ಅಜ್ಜಿಯ ಕೈ ಒಂದೊಂದೇ ಅವರೆಕಾಯಿ ತೆಗೆದು ಬಿಡಿಸುತ್ತಿತ್ತು. ಸರ ತೋರಿಸಿದರೆ ನಂಬುತ್ತಾಳೆ ಎಂದಿದ್ದಳಲ್ಲ, ಚಂದ್ರಿ ನಂಬಿದ್ದಳು.

"ಆ ಹುಡುಗಿ ಸತ್ತಿಲ್ಲ ಮೈನಾ," ಎಂದಳು ಅಜ್ಜಿ ಕೊನೆಗೆ. "ನಿನ್ನ ಮುಂದ ಕುಂತಾಳ."

ಮೈನಾ ಕಿರುಚಲಿಲ್ಲ, ಅಳಲಿಲ್ಲ. ಅಜ್ಜಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆ ಮೇಲೆ ಎದ್ದು ಒಳಗೆ ಹೋಗಿ ಒಂದು ಮೊರ ಜೋಳ ತಂದಳು. ಉಡಿ ಒಡ್ಡು ಎಂದಳು. ಅಜ್ಜಿ ಹಿಂದೆ ಸರಿದಳು. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ, ಅದು ನನಗೂ ಗೊತ್ತಿತ್ತು.

"ನಾ ಮುಂಡಿ ಅದೀನಿ."

"ನಮ್ಮಂತೋರಾಗ ಮುತ್ತೈದಿ ಯಾವಾಕಿ, ಮುಂಡಿ ಯಾವಾಕಿ? ತವರಿಗೆ ಬಂದಾಕಿ ಬರೀ ಉಡಿಲೆ ಹೋಗ್ತಾಳೇನು? ಒಡ್ಡು."

ಅಜ್ಜಿ ಸೆರಗು ಒಡ್ಡಿದಳು. ಮೈನಾ ಜೋಳ ಸುರಿದಳು. ಅಜ್ಜಿ ತಂಬಿಟ್ಟಿನ ಗಂಟನ್ನು ಅವಳ ಕೈಗಿಟ್ಟಳು. ಬೀಸುವ ಕೋಣೆಯ ಮಾಡು ಬಿದ್ದು ಕಲ್ಲುಗಳ ಮೇಲೆ ಹುಲ್ಲು ಬೆಳೆದಿತ್ತು. ಅಜ್ಜಿ ಹೊರಗೇ ನಿಂತು ನೋಡಿದಳು, ಒಳಗೆ ಕಾಲಿಡಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಉಡಿಯ ಜೋಳವನ್ನು ಹಿಡಿದುಕೊಂಡೇ ಕೂತಿದ್ದಳು. ನಾನು ಮಾತಾಡಿಸಿದರೆ ಹೂಂ ಎನ್ನುತ್ತಿದ್ದಳು. ಮನೆ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಅಪ್ಪ ಹೊಲಕ್ಕೆ ಹೋಗದೆ ಕಟ್ಟೆಯ ಮೇಲೆ ಕೂತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಅಜ್ಜಿ ಕಟ್ಟೆಯ ಕೆಳಗೇ ನಿಂತು ಹೇಳಿದಳು.

"ನಿಮ್ಮಪ್ಪ ನನ್ನ ಹಳ್ಳದಾಗ ಮುಳುಗಿಸಿ, ಗಂಗವ್ವ ಅಂತ ಮ್ಯಾಲೆತ್ತಿದನಪಾ. ನಮ್ಮವ್ವ ಮಾತೇ ಆಡಿಲ್ಲ. ಚಲೋ ಇರು ಅಂದಿಲ್ಲ. ಅದು ಅವನ ಮಾತು."

ಅಪ್ಪ ತಲೆ ತಗ್ಗಿಸಿದ. "ನನಗ ಗೊತ್ತಿತ್ತು. ಸಾಯೋ ಹೊತ್ತಿನ್ಯಾಗ ಹೇಳಿದ್ದ. ಸತ್ತಾಳ ಅನ್ನದಿದ್ರ ಹುಡುಕ್ಕೋತ ಬರ್ತಿದ್ರಂತ. ನಿಮ್ಮವ್ವಗ ಗುಟ್ಟು ಹೇಳಿದ್ರ ಬಡಿದು ಬಾಯಿ ಬಿಡಿಸ್ತಿದ್ರಂತ. ಅದಕ್ಕ..."

"ಅದೆಲ್ಲ ನನಗ ತಿಳೀತತಿ. ಅವ ಅಂಜಿದ. ನಾನೂ ಅಂಜಿದ್ದೆ. ಆದ್ರ ನನಗ ಹೇಳಬೇಕಿತ್ತು. ವಾಡೇದೋರು ಊರು ಬಿಟ್ಟ ಮ್ಯಾಲರ ಹೇಳಬೇಕಿತ್ತು. ಆಕಿ ಇನ್ನೂ ಜೀವ ಇದ್ಲು. ಹಳ್ಳದ ದಂಡಿಗೆ ನಿಂತಿದ್ಲು. ನಾ ಇಲ್ಲಿ ಹೋಳಿಗಿ ತಟ್ಟಿಗೋತ ಕುಂತಿದ್ದೆ."

ಅಷ್ಟೇ. ಆ ಮೇಲೆ ಅಜ್ಜಿ ಅಪ್ಪನೊಂದಿಗೆ ಮಾತು ಬಿಟ್ಟಳು. ರೊಟ್ಟಿ ಬಡಿದು ಹಾಕುತ್ತಿದ್ದಳು, ನೀರು ಕಾಸಿ ಇಡುತ್ತಿದ್ದಳು, ಮಾತಿಲ್ಲ. ಮಾತಾಡಬೇಕಾದದ್ದನ್ನು ಎತ್ತಿಗೋ ನನಗೋ ಹೇಳುತ್ತಿದ್ದಳು. ಮೊದಲೇ ಸದ್ದಿಲ್ಲದ ಮನೆ. ಈಗ ಅಡಿಗೆಮನೆಯಲ್ಲಿ ಒಬ್ಬರು, ಕಟ್ಟೆಯ ಮೇಲೆ ಒಬ್ಬರು, ನಡುವೆ ಪಡಸಾಲೆಯಲ್ಲಿ ನಾನು. ಇಬ್ಬರೂ ಒಳ್ಳೆಯವರಾಗಿದ್ದು, ಯಾರ ಪಕ್ಕ ಹೋಗಿ ಕೂರಬೇಕೆಂದು ತಿಳಿಯದ ಆ ಎರಡು ತಿಂಗಳುಗಳಷ್ಟು ಒಂಟಿತನವನ್ನು ನಾನು ಮುಂದೆ ಗಂಡ ತೀರಿಕೊಂಡಾಗಲೂ ಕಂಡಿಲ್ಲ. ಹಿಡಿದದ್ದನ್ನು ಅಜ್ಜಿ ಬಿಡುವವಳಲ್ಲ, ಅಪ್ಪ ಬಾಯಿ ಬಿಟ್ಟು ಕೇಳುವವನಲ್ಲ. ಒಬ್ಬರಿಗೆ ಇನ್ನೊಬ್ಬರಲ್ಲದೆ ಬೇರೆ ಯಾರೂ ಇರಲಿಲ್ಲ.

ಹಿರಿಯರ ಅಮಾವಾಸ್ಯೆ ಬಂತು. ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಮಾಡಿದ್ದನ್ನೆಲ್ಲ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುವ ಹಬ್ಬ. ನಮ್ಮಲ್ಲಿ ಪ್ರತಿ ವರ್ಷ ಅಜ್ಜನಿಗೊಂದು, ಅವ್ವನಿಗೊಂದು ಎಲೆ. ಅಜ್ಜಿ ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಕಡುಬು, ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ಅಪ್ಪ ಸ್ನಾನ ಮಾಡಿ ಬಂದು ಪಡಸಾಲೆಯಲ್ಲಿ ಎಲೆ ಹಾಸತೊಡಗಿದ. ಒಂದು ಹಾಸಿದ. ಇನ್ನೊಂದು ಹಾಸಿದ. ಆ ಮೇಲೆ ಮೂರನೆಯದನ್ನು ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಉಳಿದ ಎರಡರ ಮುಂದೆ ಮೊದಲನೆಯ ಜಾಗದಲ್ಲಿ ಹಾಸಿದ. ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಿದ.

"ನಿಮ್ಮವ್ವಗ ಏನು ಇಷ್ಟ ಯವ್ವ? ಮೊದಲು ಏನು ಬಡಸಲಿ?"

ಅಜ್ಜಿ ಆ ಎಲೆಯನ್ನೇ ನೋಡುತ್ತಿದ್ದಳು.

"ಇಷ್ಟ ಏನಂತ ನನಗೇನು ಗೊತ್ತಪಾ. ಉಳಿದದ್ದು ತಿಂತಿದ್ಲು."

ಅಪ್ಪ ಒಳಗೆ ಹೋಗಿ ಇನ್ನೂ ಯಾರೂ ಕೈ ಹಾಕದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿಕೊಂಡು ಬಂದ. ಹೋಳಿಗೆಯ ಮೇಲಿನ ಹೋಳಿಗೆ, ಅನ್ನದ ಮೇಲಿನ ಅನ್ನ, ಎಲ್ಲದರಲ್ಲೂ ಮೊದಲ ಸೌಟು ಆ ಎಲೆಗೆ ಹಾಕಿದ. ತುಪ್ಪ ಹಾಕಿದ. ಅದು ಪೂರ್ತಿ ತುಂಬಿದ ಮೇಲೆಯೇ ನಮ್ಮವ್ವನ ಎಲೆಗೆ ಬಂದ. ಅಜ್ಜನ ಎಲೆಗೆ ಅಜ್ಜಿ ತಾನೇ ಬಂದು ಬಡಿಸಿದಳು. ಅವನಿಗೆ ಇಷ್ಟವೆಂದು ಬೆಲ್ಲದ ಚೂರು ಇಟ್ಟಳು. ಸಿಟ್ಟು ಹೋಯಿತೇ ಎಂದು ನಾನು ಕೇಳಲಿಲ್ಲ. ಹೋಗಿರಲಿಕ್ಕಿಲ್ಲ.

ಊದುಬತ್ತಿ ಹಚ್ಚಿ ಅಪ್ಪ ಕೈ ಮುಗಿದ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿಯೂ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಅಪ್ಪ ಒಮ್ಮೆ ಗೋಡೆಯ ಕಡೆ ನೋಡಿ, ದನಿ ತಗ್ಗಿಸಿ ಕರೆದ.

"ಚಂದ್ರವ್ವಾ, ಉಣ್ಣಾಕ ಬಾ."

"ಜೋರಾಗಿ ಕರಿ," ಎಂದಳು ಅಜ್ಜಿ. "ವಾಡೆ ದೂರ ಐತಿ."

ಅಪ್ಪ ಎದ್ದು ಹೋಗಿ ಬೀದಿಯ ಬಾಗಿಲನ್ನು ಪೂರ್ತಿ ತೆರೆದ. ಹೊಸ್ತಿಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಇನ್ನೊಮ್ಮೆ ಕರೆದ.